ಮಂಗಲಳ ಅರ್ಜಿ

೧೯ ಜೂನ್ ೧೯೬೦, ರವಿವಾರ
ಕೊಲ್ಹಾಪುರ

ಕಾಲೇಜಿಗೆಂದು ಗಡಹಿಂಗ್ಲಜ ಬಿಟ್ಟು ಐದು ದಿನವಾಯಿತು. ಅಪ್ಪ ನನ್ನನ್ನು ರಂಗೂ ಅತ್ತೆಯ ಮನೆಯಲ್ಲಿ ಬಿಟ್ಟು ಮರುದಿನದ ಮೊದಲ ಎಸ್‌.ಟಿ. ಬಸ್ಸಿಗೇ ಹೊರಟುಹೋದ. ಅಂಗಡಿಯಲ್ಲಿ ಮದುವೆಯವರ ಬಟ್ಟೆ ಹೊಲಿಯುವುದು ಉಳಿದಿತ್ತು. ಹೋಗುವಾಗ ನನಗೆ ಏನೂ ಹೇಳಲಿಲ್ಲ. ಹುಡುಗಿ ಊಟಕ್ಕೆ ನಾಚುತ್ತಾಳೆ, ನೋಡಿಕೋ ಎಂದು ಅತ್ತೆಗೆ ಹೇಳಿದ.

ಈ ವಹಿಯನ್ನು ಕನ್ನಡದಲ್ಲಿಯೇ ಬರೆಯುತ್ತೇನೆ. ಶಾಲೆಯಲ್ಲಿ ಕಲಿತದ್ದೆಲ್ಲ ಮರಾಠಿ. ಕನ್ನಡ ಅಕ್ಷರ ತಿದ್ದಿಸಿದವನು ಅಪ್ಪ, ಹೊಲಿಗೆ ಮಷೀನಿನ ಪಕ್ಕ ನಮ್ಮ ಮೂವರನ್ನೂ ಕೂಡಿಸಿಕೊಂಡು. ಈ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಓದಲು ಯಾರಿಗೂ ಬರುವುದಿಲ್ಲ. ಅದರಿಂದ ನನಗೆ ಅನುಕೂಲವೇ ಆಯಿತು.

ಮೂವರು ಅಂದರೆ ನಾನು, ಮಂಗಲ, ನಾಗೂ. ಒಂದೇ ಓಣಿಯವರು. ಕಳೆದ ತಿಂಗಳು ನಾಗೂನ ಮದುವೆಯಾಗಿ ಅವಳು ಇಚಲಕರಂಜಿಯ ಪಕ್ಕದ ಕಬನೂರಿಗೆ ಹೋದಳು. ಗಂಡ ಬಂಡು ಮಗ್ಗದ ಕೆಲಸದವನು. ಮಂಗಲ ಊರಲ್ಲೇ ಉಳಿದಳು. ಮ್ಯಾಟ್ರಿಕ್‌ನಲ್ಲಿ ಅವಳಿಗೆ ನನಗಿಂತ ಮೂವತ್ತೆರಡು ಮಾರ್ಕು ಹೆಚ್ಚು. ಆದರೆ ಅವಳ ಅಪ್ಪ ರಾವಸಾಹೇಬ ಕಾಕಾ ಹುಡುಗಿಯನ್ನು ಪರವೂರಿನ ಕಾಲೇಜಿಗೆ ಕಳಿಸುವವರಲ್ಲ. ಎತ್ತಿನ ಗಾಡಿ ಮಾಡುವ ಬಡಿಗರು ಅವರು. ಒಮ್ಮೆ ಹೇಳಿದರೆ ಮುಗಿಯಿತು.

ಸ್ಟ್ಯಾಂಡಿನಲ್ಲಿ ಮಂಗಲ ಅಳಲಿಲ್ಲ. ನಾನು ನಿಪ್ಪಾಣಿ ದಾಟುವವರೆಗೂ ಅಳುತ್ತಲೇ ಇದ್ದೆ.

೩ ಜುಲೈ, ರವಿವಾರ

ನಮ್ಮ ತರಗತಿಯಲ್ಲಿ ಎಂಬತ್ತು ಜನ ಹುಡುಗರು, ಒಂಬತ್ತು ಜನ ಹುಡುಗಿಯರು. ಹುಡುಗಿಯರೆಲ್ಲ ಇದೇ ಊರಿನವರು, ಒಬ್ಬರಿಗೊಬ್ಬರು ಗುರುತಿನವರು. ನಾನು ಬೆಂಚಿನ ಕೊನೆಯಲ್ಲಿ ಕೂಡುತ್ತೇನೆ. ಮೊನ್ನೆ ಪ್ರಾಧ್ಯಾಪಕರು ನನ್ನ ಹೆಸರು ಕೇಳಿದಾಗ, ಯಮುನಾ ಶಿಂಪಿ, ಗಡಹಿಂಗ್ಲಜದವಳು ಎಂದು ಮರಾಠಿಯಲ್ಲೇ ಉತ್ತರ ಕೊಟ್ಟೆ. ಹಿಂದಿನ ಬೆಂಚಿನವರು ನನ್ನ ಎಳೆತವನ್ನು ಅಣಕಿಸಿ ನಕ್ಕರು. ಅಂದಿನಿಂದ ತರಗತಿಯಲ್ಲಿ ಬಾಯಿ ತೆರೆದಿಲ್ಲ.

ಮಂಗಲಳಿಗೆ ಆರು ಪುಟ ಬರೆದೆ. ಅತ್ತೆಯ ಮನೆಯ ಪಲ್ಯದಿಂದ ಹಿಡಿದು ರಂಕಾಳ ಕೆರೆಯ ಗಾಳಿಯವರೆಗೆ. ನಾಗೂನಿಗೆ ಒಂದು ಕಾರ್ಡು. ಅಂಚೆ ಪೆಟ್ಟಿಗೆಯಲ್ಲಿ ಹಾಕಿದ ಮೇಲೆ ಸ್ವಲ್ಪ ಹಸಿವಾಯಿತು.

೨೧ ಆಗಸ್ಟ್, ರವಿವಾರ

ಈ ವಾರ ಮಂಗಲಳ ಎರಡು ಪತ್ರ ಬಂದವು. ಬಂದ ದಿನವೇ ಉತ್ತರ ಬರೆದೆ. ಊರಲ್ಲಿ ಮಳೆ ಹಿಡಿದು ಗಾಡಿಯ ಕಟ್ಟಿಗೆ ಒಣಗುತ್ತಿಲ್ಲವಂತೆ. ಅವಳು ಸಂಜೆ ಓಣಿಯ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದಾಳೆ. ‘ನೀ ಓದಿದ್ದನ್ನ ನನಗೂ ಬರೀ’ ಎಂದಿದ್ದಾಳೆ. ಇತಿಹಾಸದ ಒಂದು ಪಾಠವನ್ನು ಪೂರ್ತಿ ನಕಲು ಮಾಡಿ ಕಳಿಸಿದೆ. ಕೈ ನೋವು ಬಂತು, ಆದರೆ ಪಾಠ ನನಗೂ ಬಾಯಿಪಾಠವಾಯಿತು.

೬ ನವೆಂಬರ್, ರವಿವಾರ

ದೀಪಾವಳಿ ಮುಗಿಸಿಕೊಂಡು ಬಂದು ಎರಡು ದಿನವಾಯಿತು. ನಾಗೂ ಕೂಡ ತವರಿಗೆ ಬಂದಿದ್ದಳು. ಮೂವರೂ ರಾವಸಾಹೇಬ ಕಾಕಾರ ಅಂಗಳದಲ್ಲಿ, ಅರ್ಧ ಆಗಿದ್ದ ಗಾಡಿಯ ಮೇಲೆ ಕಾಲು ಇಳಿಬಿಟ್ಟು ಕುಳಿತೆವು.

ದೊಡ್ಡ ಸುದ್ದಿ ಎಂದರೆ ಕಾಕಾ ಒಂದು ಮಾತಿಗೆ ಒಪ್ಪಿದ್ದಾರೆ. ಕೊಲ್ಹಾಪುರದಲ್ಲಿ ಹೆಣ್ಣುಮಕ್ಕಳ ಟ್ರೇನಿಂಗ್ ಕಾಲೇಜು ಇದೆ. ಎರಡು ವರ್ಷ ಕಲಿತರೆ ಪ್ರಾಥಮಿಕ ಶಾಲೆಯ ಮಾಸ್ತರಿಣಿಯಾಗಬಹುದು, ಊರ ಹತ್ತಿರವೇ ನೌಕರಿ ಸಿಗುತ್ತದೆ. ಬರುವ ಜೂನಿಗೆ ಸೀಟು ಸಿಕ್ಕರೆ ಕಳಿಸುತ್ತಾರೆ. ಸಿಗದಿದ್ದರೆ ಮದುವೆ. ಅವರು ಉಳಿಯಿಂದ ಕಟ್ಟಿಗೆ ಕೆತ್ತುತ್ತಲೇ ಇದನ್ನು ಹೇಳಿದರು, ತಲೆ ಎತ್ತಲಿಲ್ಲ.

ಅರ್ಜಿಯನ್ನು ಜನವರಿಯಲ್ಲಿ ಕೊಡಬೇಕು. ಅದರ ಜೊತೆ ಮ್ಯಾಟ್ರಿಕ್ ಸರ್ಟಿಫಿಕೇಟಿನ ಮೂಲಪ್ರತಿ ತೋರಿಸಬೇಕಂತೆ. ನಾನೇ ಅಂದೆ, ‘ಪೋಸ್ಟಿನಾಗ ಆಫೀಸಿಗೆ ಹಾಕಬ್ಯಾಡ. ನನಗ ಕಳಸು. ನಾ ಕೈಯಾರೆ ಒಯ್ದು ಕೊಡ್ತೇನಿ.’

ಮಂಗಲ ಟ್ರೇನಿಂಗಿಗೆ ಬಂದರೆ ಈ ಊರು ನನಗೆ ಪರವೂರಾಗಿ ಉಳಿಯುವುದಿಲ್ಲ.

೨೭ ನವೆಂಬರ್, ರವಿವಾರ

ರಾಜಮತಿ ಎಂಬ ಹುಡುಗಿ ತಾನಾಗಿ ಬಂದು ಮಾತಾಡಿಸಿದಳು. ಶಾಹೂಪುರಿಯವಳು, ಮನೆಯವರದು ಬೆಲ್ಲದ ವ್ಯಾಪಾರ, ಅವಳ ಮನೆಯಲ್ಲೂ ನಮ್ಮ ಹಾಗೆ ಕನ್ನಡವೇ. ಇಷ್ಟು ದಿನ ಗೊತ್ತಿರಲಿಲ್ಲ. ಕಾಲೇಜಿನ ವಾರ್ಷಿಕ ಗ್ಯಾದರಿಂಗಿಗೆ ಹುಡುಗಿಯರ ನಾಟಕ ಇದೆ, ಜಗಳಗಂಟಿ ಅತ್ತೆಯ ಪಾರ್ಟು ಮಾಡುತ್ತೀಯಾ ಎಂದು ಕೇಳಿದಳು. ನನ್ನ ಮರಾಠಿಗೆ ನಗುತ್ತಾರೆ ಎಂದೆ. ‘ನಗಬೇಕಂತನಽ ನಿನ್ನ ಕೇಳಾಕತ್ತೇನಿ’ ಅಂದಳು. ಮೊದಲು ಸಿಟ್ಟು ಬಂತು. ಆಮೇಲೆ ಇಬ್ಬರೂ ನಕ್ಕೆವು.

೧೧ ಡಿಸೆಂಬರ್, ರವಿವಾರ

ದಿನಾ ತಾಲೀಮು. ನನ್ನ ಪಾರ್ಟಿಗೆ ಮೂರು ಕಡೆ ಎಲ್ಲರೂ ನಗುತ್ತಾರೆ. ಹಿಂದಿನ ಬೆಂಚಿನವರೂ ಬಾಗಿಲಲ್ಲಿ ನಿಂತು ನೋಡುತ್ತಾರೆ. ಈಗ ಅವರ ನಗೆ ಬೇರೆ ಥರ ಕೇಳಿಸುತ್ತದೆ. ರಾಜಮತಿಯ ತಾಯಿ ನಮಗೆಲ್ಲ ಅವಲಕ್ಕಿ ಕಳಿಸಿದ್ದರು.

ಮಂಗಲಳ ಎರಡು ಪತ್ರಗಳಿಗೆ ಉತ್ತರ ಬರೆಯಬೇಕು. ನಾಳೆ.

೪ ಜನವರಿ ೧೯೬೧, ಬುಧವಾರ

ಮಂಗಲಳಿಂದ ದಪ್ಪ ಲಕೋಟೆ ಬಂತು. ಅರ್ಜಿ, ಸರ್ಟಿಫಿಕೇಟು, ಹೆಡ್‌ಮಾಸ್ತರರ ಚೀಟಿ. ಅಕ್ಷರ ಮುತ್ತಿನ ಹಾಗಿದೆ. ಕಡೆಯ ದಿನ ಇಪ್ಪತ್ತು. ಇನ್ನೂ ಬೇಕಾದಷ್ಟು ದಿನ ಇದೆ. ಮಡಿಕೆ ಬೀಳಬಾರದೆಂದು ಇತಿಹಾಸದ ಪುಸ್ತಕದಲ್ಲಿ ಇಟ್ಟಿದ್ದೇನೆ. ಸೋಮವಾರ ಕೊಟ್ಟು ಬರುವುದು.

ನನ್ನ ಪಾರ್ಟಿನ ನೂಲಿನ ಬಿಳಿ ಕೂದಲು ತಲೆಗೆ ಚೆನ್ನಾಗಿ ಕೂಡುತ್ತಿಲ್ಲ. ರಾಜಮತಿ ಬೇರೆ ತರಿಸುತ್ತಾಳಂತೆ.

೧೫ ಜನವರಿ, ರವಿವಾರ

ನಾಟಕದ ಎರಡನೆಯ ಅಂಕ ಇನ್ನೂ ಸಡಿಲವಾಗಿದೆ. ಸಂಕ್ರಾಂತಿಯ ಎಳ್ಳು ಬೆಲ್ಲ ತಗೊಂಡು ರಾಜಮತಿಯ ಮನೆಗೆ ಹೋದವಳು ಅಲ್ಲೇ ಊಟ ಮಾಡಿದೆ. ಊರಿಗೆ ಎಳ್ಳು ಕಳಿಸುವುದು ಮರೆತೇಹೋಯಿತು. ಅತ್ತೆ ನೆನಪು ಮಾಡಬೇಕಿತ್ತು.

೨೨ ಜನವರಿ, ರವಿವಾರ

ನಿನ್ನೆ ನಾಟಕ ಆಯಿತು. ನಾನು ಒಳಗೆ ಬಂದು ಮೊದಲ ಮಾತು ಆಡುತ್ತಿದ್ದಂತೆ ಇಡೀ ಹಾಲ್ ನಕ್ಕಿತು. ಅಂದು ಹೆಸರು ಕೇಳಿದ ಪ್ರಾಧ್ಯಾಪಕರೇ ಆಮೇಲೆ ಬಂದು, ಇಷ್ಟು ದಿನ ಎಲ್ಲಿ ಅಡಗಿದ್ದೆ ಎಂದು ಕೇಳಿದರು. ಬಹುಮಾನ ನಮಗೇ. ಅತ್ತೆ, ಧೊಂಡಿಬಾ ಮಾವ ಇಬ್ಬರೂ ಬಂದಿದ್ದರು. ಮಾವ ಫೌಂಡ್ರಿಯಿಂದ ಹಾಗೇ ಬಂದು ಹಿಂದೆ ನಿಂತಿದ್ದರು. ಬರುವಾಗ ದಾರಿಯುದ್ದಕ್ಕೂ ಅತ್ತೆ ನನ್ನ ಮಾತುಗಳನ್ನೇ ಆಡಿ ತೋರಿಸಿದಳು.

ಇಷ್ಟು ಸಂತೋಷ ಈ ಊರಲ್ಲಿ ಇದೇ ಮೊದಲು. ಇದನ್ನೆಲ್ಲ ಮಂಗಲಳಿಗೆ ಉದ್ದಕ್ಕೆ ಬರೆಯಬೇಕು.

೨೬ ಜನವರಿ, ಗುರುವಾರ

ಧ್ವಜವಂದನೆ ಮುಗಿಸಿ ಬಂದು ಓದಲು ಕುಳಿತೆ. ಇತಿಹಾಸದ ಪುಸ್ತಕ ತೆಗೆದೆ.

ಲಕೋಟೆ ಹಾಗೆಯೇ ಇದೆ.

೨೭ ಜನವರಿ, ಶುಕ್ರವಾರ

ಆಫೀಸು ತೆರೆಯುವ ಮೊದಲೇ ಟ್ರೇನಿಂಗ್ ಕಾಲೇಜಿನ ಬಾಗಿಲಲ್ಲಿ ನಿಂತಿದ್ದೆ. ಗುಮಾಸ್ತರು ವಯಸ್ಸಾದವರು, ಒಳ್ಳೆಯವರು. ಅರ್ಜಿಗಳನ್ನೆಲ್ಲ ಸೋಮವಾರವೇ ಮೇಲಕ್ಕೆ ಕಳಿಸಿಯಾಗಿದೆ ಎಂದರು. ಅಕ್ಷರ ನೋಡಿ, ಮಾರ್ಕು ನೋಡಿ, ಈ ಹುಡುಗಿಗೆ ಖಂಡಿತ ಸಿಗುತ್ತಿತ್ತಲ್ಲ ಎಂದರು. ಬರುವ ವರ್ಷ ಕೊಡಲಿ ಎಂದು ಕಾಗದಗಳನ್ನು ನೆಟ್ಟಗೆ ಜೋಡಿಸಿ ನನ್ನ ಕೈಗೇ ತಿರುಗಿ ಕೊಟ್ಟರು. ನೀನು ಅವಳ ತಂಗಿಯೇನು ಎಂದು ಕೇಳಿದರು. ನಾನು ಕಾಗದಗಳನ್ನು ಲಕೋಟೆಗೆ ಸೇರಿಸಿಕೊಂಡು ಹೊರಗೆ ಬಂದೆ.

ಆಫೀಸು ನಮ್ಮ ಕಾಲೇಜಿನಿಂದ ನಡೆದು ಹೋದರೆ ಹದಿನೈದು ನಿಮಿಷದ ದಾರಿ.

೨೯ ಜನವರಿ, ರವಿವಾರ

ನಾಲ್ಕು ಸಲ ಬರೆದು ಹರಿದೆ. ಕೊನೆಗೆ, ಈ ಸಲ ಅರ್ಜಿ ಭಾಳ ಬಂದಿದ್ದವಂತೆ, ಸೀಟು ತುಂಬಿದವಂತೆ, ಕಾಗದಗಳನ್ನು ತಿರುಗಿ ಕೊಟ್ಟರು ಎಂದು ಬರೆದು ಸರ್ಟಿಫಿಕೇಟಿನ ಜೊತೆ ರಜಿಸ್ಟರ್ ಮಾಡಿ ಕಳಿಸಿದೆ. ಏನು ಬರೆದರೂ ಸೀಟಂತೂ ಇಲ್ಲ. ನಿಜ ತಿಳಿದರೆ ಅವಳಿಗೆ ಎರಡು ದುಃಖ, ಹೀಗಾದರೆ ಒಂದೇ.

ಊಟ ಸೇರಲಿಲ್ಲ. ಅತ್ತೆ ದೃಷ್ಟಿ ತೆಗೆದಳು. ನಾಟಕದಲ್ಲಿ ಎಲ್ಲರ ಕಣ್ಣೂ ಬಿದ್ದಿದೆಯಂತೆ.

೯ ಫೆಬ್ರುವರಿ, ಗುರುವಾರ

ಮೊನ್ನೆ ಮಂಗಲಳ ಪತ್ರ ಬಂತು. ‘ನೀ ಮನಸಿಗೆ ಹಚ್ಕೋಬ್ಯಾಡ. ನಿನ್ನ ಕೈಲಿ ಆದದ್ದು ನೀ ಮಾಡೀದಿ. ನಿನ್ನ ಕಾಲೇಜು ಬಿಟ್ಟು ಎಷ್ಟು ಸಲ ಆ ಆಫೀಸಿಗೆ ಅಡ್ಡಾಡಿದಿ ಏನೊ.’ ಕೆಳಗೆ ನಾಟಕದ ಬಗ್ಗೆ ಕೇಳಿದ್ದಾಳೆ. ನಮ್ಮ ಓಣಿಯಿಂದ ಕೊಲ್ಹಾಪುರಕ್ಕೆ ಬಂದವರು ಯಾರೋ ನೋಡಿ ಹೋಗಿ ಹೇಳಿದರಂತೆ. ಅವಳಿಗೆ ಭಾಳ ಹೆಮ್ಮೆಯಾಯಿತಂತೆ.

ಪತ್ರವನ್ನು ಪೂರ್ತಿ ಓದಲು ಎರಡು ದಿನ ಬೇಕಾಯಿತು.

೨೬ ಫೆಬ್ರುವರಿ, ರವಿವಾರ

ಮನೆಯಲ್ಲಿ ಕೂಡಲಾಗದೆ ಕಬನೂರಿಗೆ ಹೋಗಿ ಬಂದೆ. ಹಾತಕಣಂಗಲೆಯವರೆಗೆ ರೈಲು, ಅಲ್ಲಿಂದ ಟಾಂಗಾ. ನಾಗೂನ ಮದುವೆಯಾಗಿ ಒಂಬತ್ತು ತಿಂಗಳಾದರೂ ನಾನು ಒಮ್ಮೆಯೂ ಹೋಗಿರಲಿಲ್ಲ ಎಂಬುದು ಟಾಂಗಾದಲ್ಲಿ ಕುಳಿತಾಗ ಹೊಳೆಯಿತು.

ಅವಳಿಗೆ ಈಗ ಐದು ತಿಂಗಳು. ಮಗ್ಗದ ಶೆಡ್ಡಿಗೆ ಹೊಂದಿ ಒಂದು ಖೋಲಿ, ಆ ಸಪ್ಪಳದಲ್ಲಿ ಕಿವಿಯ ಹತ್ತಿರ ಬಾಯಿ ಇಟ್ಟು ಮಾತಾಡಬೇಕು. ಅವಳು ರಾಟೆ ತಿರುಗಿಸಿ ಮಗ್ಗದ ಲಾಳಿಯೊಳಗಿನ ಕಾಂಡಿಗೆ ನೂಲು ಸುತ್ತುತ್ತಿದ್ದಳು. ಮಗ್ಗಕ್ಕೆ ದಿನಾ ಬುಟ್ಟಿಗಟ್ಟಲೆ ಕಾಂಡಿ ಬೇಕಂತೆ. ನಾನು ಎದುರು ಕುಳಿತು ಎಲ್ಲ ಹೇಳಿದೆ, ಪುಸ್ತಕದಲ್ಲಿ ಇಟ್ಟದ್ದು, ಮರೆತದ್ದು, ಸುಳ್ಳು ಬರೆದದ್ದು. ಇಂಥ ಮಾತನ್ನು ಅಷ್ಟು ಗಟ್ಟಿಯಾಗಿ ಹೇಳಬೇಕಾಯಿತು.

ನಾಗೂ ರಾಟೆ ನಿಲ್ಲಿಸಿದಳು. ಬೈಯಲಿಲ್ಲ.

‘ಬುಧವಾರ ಆಕಿನ್ನ ನೋಡಾಕ ಸಂಕೇಶ್ವರದವ್ರು ಬರ್ತಾರ,’ ಅಂದಳು. ‘ನಿನಗ ಬರದಿಲ್ಲೇನು?’

ನನಗೆ ಬರೆದಿರಲಿಲ್ಲ.

‘ನಿನಗ ತಿಳಿಸಬ್ಯಾಡ ಅಂತ ನನಗ ಬರದಾಳ. ಸೀಟ ಸಿಗಲಿಲ್ಲ ಅಂತ ಯಮುನಿ ಮೊದ್ಲಽ ಭಾಳ ಮರಗಾಕತ್ತಾಳ, ಇದನ್ನ ಕೇಳಿದ್ರ ಪರೀಕ್ಷಾದಾಗ ಓದಾಕ ಆಗಾಂಗಿಲ್ಲ ಅಂತ.’

ಮತ್ತೆ ಅಂದಳು, ‘ನಾಳಿ ಮೊದಲನೇ ಗಾಡಿಗೆ ಊರಿಗೆ ಹೋಗು. ಕಾಗದದಾಗ ಹೇಳೂ ಮಾತಲ್ಲ ಇದು.’

ನನಗೆ ಊಟ ಬಡಿಸಿ, ತಾನು ಮತ್ತೆ ರಾಟೆಗೆ ಕುಳಿತಳು.

೨೮ ಫೆಬ್ರುವರಿ, ಮಂಗಳವಾರ
ಗಡಹಿಂಗ್ಲಜ

ನಿನ್ನೆ ಮಧ್ಯಾಹ್ನ ಬಸ್ಸು ಇಳಿದು ನಮ್ಮ ಮನೆಗೂ ಹೋಗದೆ ನೆಟ್ಟಗೆ ಮಂಗಲಳ ಮನೆಗೆ ಹೋದೆ. ಅವಳು ಹಿತ್ತಿಲಲ್ಲಿ ಶಾವಿಗೆ ಒಣಹಾಕುತ್ತಿದ್ದಳು, ಬುಧವಾರ ಬರುವವರಿಗೆ. ನನ್ನನ್ನು ಕಂಡು ಮೊದಲು ಸಂತೋಷಪಟ್ಟಳು. ಆ ಸಂತೋಷ ನಿಲ್ಲುವ ಮೊದಲೇ ಹೇಳಿಬಿಟ್ಟೆ. ಇಲ್ಲದಿದ್ದರೆ ಹೇಳಲಾಗುತ್ತಿರಲಿಲ್ಲ.

ಅವಳು ಶಾವಿಗೆಯ ಎಳೆಗಳನ್ನು ಬಿಡಿಸುತ್ತಲೇ ಇದ್ದಳು. ಎಲ್ಲವೂ ಮುಗಿದ ಮೇಲೆ ಹೇಳಿದಳು, ‘ಮರತಿ ಅಂತ ಸಿಟ್ಟಿಲ್ಲ ನನಗ. ಮನಷ್ಯಾರು ಮರೀತಾರ. ಸೀಟ ತುಂಬಿದ್ವು ಅಂತ ಬರದಿ ನೋಡು, ಆ ಕಾಗದಾನ ನಾನಽ ಅಪ್ಪಗ ಓದಿ ಹೇಳೇನಿ. ಅಪ್ಪ ಎರಡ ದಿನ ಮಾತಾಡಲಿಲ್ಲ. ಆಮ್ಯಾಲ ಸಂಕೇಶ್ವರಕ್ಕ ಹೇಳಿ ಕಳಸ್ಯಾನ.’

ಅವಳು ಕೈಗೆ ಅಂಟಿದ ಹಿಟ್ಟು ಒರೆಸಿಕೊಂಡಳು.

‘ಅಪ್ಪಗ ನಾ ಹೇಳಾಂಗಿಲ್ಲ,’ ಅಂದಳು. ‘ಅಂಗಳದಾಗ ಅದಾನ. ನೀನಽ ಹೇಳು.’

ರಾವಸಾಹೇಬ ಕಾಕಾ ಗಾಲಿಗೆ ಅರೆಕಾಲಿನ ಕಡ್ಡಿಗಳನ್ನು ಕೂಡಿಸುತ್ತಿದ್ದರು. ನಾನು ಹೇಳುವಷ್ಟು ಹೊತ್ತೂ ಸುತ್ತಿಗೆಯ ಏಟು ನಿಧಾನವಾಗಿ ಬೀಳುತ್ತಿತ್ತು. ಕೊನೆಗೆ ಅವರು ಸುತ್ತಿಗೆಯನ್ನು ಕೆಳಗಿಟ್ಟು ಗಾಲಿಯ ಮೇಲೆ ಕೈ ಊರಿ ಕುಳಿತರು. ನಾನು ಹುಟ್ಟಿದಾಗಿನಿಂದ ನೋಡಿದ ಮನುಷ್ಯ. ಅವರ ಮುಖ ನೋಡಲು ಹೆದರಿಕೆಯಾಯಿತು.

‘ಆಕಿ ಅರ್ಜಿ ಆಫೀಸಿಗೆ ಮುಟ್ಟಲೇ ಇಲ್ಲೇನು?’

‘ಇಲ್ರಿ ಕಾಕಾ.’

‘ಕೊಟ್ಟಿದ್ರ ಸಿಗತಿತ್ತೇನು?’

ಗುಮಾಸ್ತರು ಹೇಳಿದ್ದನ್ನು ಹೇಳಿದೆ.

‘ಆಕಿ ನಸೀಬದಾಗ ಇಲ್ಲ ಅಂತ ತಿಳಿದಿದ್ದೆ,’ ಎಂದರು. ‘ಹಂಗಾದ್ರ ನಸೀಬ ಅಲ್ಲ ಅದು.’

ಮತ್ತೆ ಸುತ್ತಿಗೆ ಎತ್ತಿಕೊಂಡರು. ಮನೆಗೆ ಬಂದು ಅಪ್ಪನಿಗೂ ಹೇಳಿದೆ. ಅಪ್ಪ ಮಷೀನು ನಿಲ್ಲಿಸಿ ರಾವಸಾಹೇಬರ ಮನೆಗೆ ಹೋದವನು ಸಂಜೆಗೆ ಬಂದ.

೧೨ ಮಾರ್ಚ್, ರವಿವಾರ
ಕೊಲ್ಹಾಪುರ

ನಾಗೂನ ಕಾರ್ಡಿನಿಂದ ತಿಳಿಯಿತು. ಸಂಕೇಶ್ವರದವರು ಬಂದರು, ಹುಡುಗಿ ಮನಸ್ಸಿಗೆ ಬಂದಳು. ಅವಳು ಮಾಸ್ತರಿಣಿ ಆಗುವವರೆಗೆ ಕಾಯಬೇಕು ಎಂದು ರಾವಸಾಹೇಬ ಕಾಕಾ ಹೇಳಿದರಂತೆ. ಬಂದವರು ಅಷ್ಟು ದಿನ ಕಾಯುವುದಿಲ್ಲ ಎಂದು ಎದ್ದು ಹೋದರು. ಮಂಗಲಳ ಸೋದರತ್ತೆ ಬಯಾಬಾಯಿ ಬಾಗಿಲಲ್ಲಿ ಕುಳಿತು, ಬಂದ ವರವನ್ನು ತಿರುಗಿ ಕಳಿಸಿದ ಮನೆಗೆ ಮತ್ತೆ ಯಾರು ಬರುತ್ತಾರೆ ಎಂದು ಓಣಿಗೆಲ್ಲ ಕೇಳುವ ಹಾಗೆ ಅನ್ನುತ್ತಾಳಂತೆ.

ಅದನ್ನೂ ಮಂಗಲಳೇ ಕೇಳಿಸಿಕೊಳ್ಳಬೇಕು.

೯ ಏಪ್ರಿಲ್, ರವಿವಾರ

ಪರೀಕ್ಷೆ ಮುಗಿಯಿತು. ಪ್ರತಿ ರವಿವಾರ ಮಂಗಲಳಿಗೆ ಬರೆಯುತ್ತೇನೆ. ಉತ್ತರವಿಲ್ಲ. ನಾಟಕದ ಸುದ್ದಿ ಬರೆಯುವುದಿಲ್ಲ. ಓದಿದ ಪಾಠವನ್ನು ನಕಲು ಮಾಡಿ ಇಡುತ್ತೇನೆ.

೧೪ ಮೇ, ರವಿವಾರ
ಗಡಹಿಂಗ್ಲಜ

ಮಂಗಲ ಮನೆಗೆ ಕರೆದು ಚಹ ಕೊಟ್ಟಳು. ಅತ್ತೆಯ ಆರೋಗ್ಯ ಕೇಳಿದಳು. ಬೀಗರನ್ನು ಮಾತಾಡಿಸಿದ ಹಾಗೆ. ನನ್ನ ಪತ್ರಗಳು ಮುಟ್ಟಿದವೇ ಎಂದು ಕೇಳಿದೆ. ಮುಟ್ಟಿದವು, ಪಾಠ ಓದಿದೆ ಅಂದಳು. ಅಷ್ಟೇ. ಅಂಗಳದಲ್ಲಿ ಹದಿನಾಲ್ಕು ಮಕ್ಕಳು ಅವಳಿಗಾಗಿ ಕಾಯುತ್ತಿದ್ದರು.

೧೬ ಜುಲೈ, ರವಿವಾರ
ಕೊಲ್ಹಾಪುರ

ನಾಗೂನಿಗೆ ಹೆಣ್ಣು ಮಗು. ಇಬ್ಬರೂ ಕ್ಷೇಮ. ಹೆರಿಗೆ ಕಬನೂರಿನಲ್ಲೇ ಆಗಿದೆ, ತಾಯಿ ಬಂದಿದ್ದಾಳೆ. ಅತ್ತೆ ಕೊಟ್ಟ ಅಂಟಿನ ಉಂಡೆ ತಗೊಂಡು ಹೋಗಿ ಬಂದೆ. ಮೂರು ಬುಟ್ಟಿ ಕಾಂಡಿ ಸುತ್ತಿದೆ. ನೂಲು ಐದು ಸಲ ಹರಿಯಿತು. ಬಂಡು ಭಾವ ಗಂಟು ಹಾಕುವುದನ್ನು ತೋರಿಸಿಕೊಟ್ಟರು. ಬರುವ ರವಿವಾರ ಮತ್ತೆ ಹೋಗಬೇಕು.

೧೯ ನವೆಂಬರ್, ರವಿವಾರ

ಈ ವರ್ಷವೂ ನಾಟಕಕ್ಕೆ ಕರೆದರು. ಬೇಡ ಎಂದೆ. ರಾಜಮತಿ ಕಾರಣ ಕೇಳಿದಾಗ ಎಲ್ಲ ಹೇಳಿದೆ. ತಾಲೀಮಿಗೆ ನಾನು ನಿನ್ನನ್ನು ದಿನಾ ಎಳೆದುಕೊಂಡು ಹೋಗಿದ್ದೆನಲ್ಲ ಎಂದು ಅವಳು ಮುಖ ಸಣ್ಣದು ಮಾಡಿದಳು. ಅವಳ ಕೈಗೆ ಯಾರೂ ಲಕೋಟೆ ಕೊಟ್ಟಿರಲಿಲ್ಲ ಎಂದು ನಾನೇ ಅವಳನ್ನು ಸಮಾಧಾನಪಡಿಸಬೇಕಾಯಿತು. ಕೊನೆಗೆ ಪಾರ್ಟು ಒಪ್ಪಿಕೊಂಡೆ, ರವಿವಾರ ಮಾತ್ರ ತಾಲೀಮಿಗೆ ಬರುವುದಿಲ್ಲ ಎಂದು ಹೇಳಿ. ರವಿವಾರ ಕಬನೂರು.

೧೦ ಜನವರಿ ೧೯೬೨, ಬುಧವಾರ

ಮಂಗಲಳ ಕಾರ್ಡಿನಲ್ಲಿ ಒಂದೇ ಸಾಲು ಇತ್ತು. ಹತ್ತನೇ ತಾರೀಖು ಬರುತ್ತೇನೆ, ಆಫೀಸು ತೋರಿಸು.

ಬಸ್ಸು ಹತ್ತಕ್ಕೆ. ನಾನು ಎಂಟಕ್ಕೇ ಸ್ಟ್ಯಾಂಡಿನಲ್ಲಿದ್ದೆ. ಅವಳು ಒಬ್ಬಳೇ ಇಳಿದಳು. ಕಾಗದದ ಚೀಲವನ್ನು ಎದೆಗೆ ಅವುಚಿಕೊಂಡಿದ್ದಳು. ನಾನು ಕೈ ಚಾಚಲಿಲ್ಲ. ನಮ್ಮ ಕಾಲೇಜಿನವರೆಗೆ ಬಂದು, ಅಲ್ಲಿಂದ ಆ ಹದಿನೈದು ನಿಮಿಷದ ದಾರಿಯನ್ನು ಇಬ್ಬರೂ ನಡೆದೆವು. ಆಫೀಸಿನಲ್ಲಿ ನಾನು ಬಾಗಿಲಲ್ಲೇ ನಿಂತೆ. ಅವಳು ತಾನೇ ಒಳಗೆ ಹೋಗಿ ಅರ್ಜಿ ಕೊಟ್ಟು, ಪಾವತಿ ಚೀಟಿ ಬರೆಯಿಸಿಕೊಂಡು, ಎರಡು ಸಲ ಓದಿ ಚೀಲದಲ್ಲಿಟ್ಟಳು. ಆ ಗುಮಾಸ್ತರೇ ಇದ್ದರು. ದೂರದಿಂದ ನನ್ನ ಗುರುತು ಹಿಡಿದು ತಲೆ ಅಲ್ಲಾಡಿಸಿದರು.

ಅತ್ತೆಯ ಮನೆಯಲ್ಲಿ ಊಟ ಮಾಡಿದಳು. ನಾನು ನಕಲು ಮಾಡಿದ ಪಾಠಗಳ ಕಟ್ಟನ್ನು ಕೊಟ್ಟಾಗ ತಗೊಂಡಳು. ನಾಗೂನ ಮಗಳು ಹೇಗಿದ್ದಾಳೆ ಎಂದು ಕೇಳಿದಳು. ಹಲ್ಲು ಬಂದಿದೆ, ನನ್ನ ಬೆರಳು ಕಚ್ಚುತ್ತಾಳೆ ಎಂದೆ. ಮಂಗಲ ನಕ್ಕಳು. ನಕ್ಕ ಮೇಲೆ ತಾನು ನಕ್ಕದ್ದು ನೆನಪಾದವಳಂತೆ ಪಾಠಗಳ ಕಟ್ಟನ್ನು ಚೀಲಕ್ಕೆ ಸೇರಿಸಿದಳು. ಮೂರು ಗಂಟೆಯ ಬಸ್ಸಿಗೆ ಹೋದಳು.

೧೮ ಜೂನ್, ಸೋಮವಾರ

ಮಂಗಲಳಿಗೆ ಸೀಟು ಸಿಕ್ಕಿದೆ. ಪಟ್ಟಿಯಲ್ಲಿ ಮೂರನೆಯ ಹೆಸರು.

ಇವತ್ತು ರಾವಸಾಹೇಬ ಕಾಕಾ ಅವಳನ್ನು ಬಿಡಲು ಬಂದಿದ್ದರು. ಹೊಸ ಟ್ರಂಕು, ತಾವೇ ಮಾಡಿದ ಸಣ್ಣ ಮಣೆ. ಬರಲೇನು ಎಂದು ನಾನು ಕೇಳಿರಲಿಲ್ಲ. ಕಾಕಾ ಮೊದಲು ಅತ್ತೆಯ ಮನೆಗೇ ಬಂದು, ‘ನಡೀವಾ’ ಅಂದರು.

ವಸತಿಗೃಹದ ಫಾರ್ಮನ್ನು ಮಂಗಲ ಟ್ರೇನಿಂಗ್ ಕಾಲೇಜಿನ ಆಫೀಸಿನ ಬೆಂಚಿನ ಮೇಲೆ ತುಂಬುತ್ತಿದ್ದಳು. ಒಂದು ಕಡೆ ಅವಳ ಪೆನ್ನು ನಿಂತಿತು. ಹುಡುಗಿಗೆ ಜಡ್ಡು ಬಂದರೆ, ಏನಾದರೂ ತುರ್ತು ಆದರೆ, ಕೊಲ್ಹಾಪುರದಲ್ಲಿ ಯಾರಿಗೆ ತಿಳಿಸಬೇಕು ಎಂದು ಅಲ್ಲಿ ಕೇಳಿತ್ತು. ಕಾಕಾ ಯೋಚಿಸಿದರು. ಲಕ್ಷ್ಮೀಪುರಿಯಲ್ಲಿ ದೂರದ ಸಂಬಂಧಿ ಒಬ್ಬರು ಇದ್ದಾರೆ, ಮರದ ಅಡ್ಡೆ ಅವರದು, ಅವರ ಹೆಸರು ಹಾಕು ಎಂದರು. ನಾನು ಟ್ರಂಕಿನ ಹಗ್ಗ ಬಿಚ್ಚುತ್ತಿದ್ದೆ. ಅವರೇ ಸರಿ ಎಂದು ನನಗೂ ಅನಿಸಿತು.

ಮಂಗಲ ಪೆನ್ನನ್ನು ಶಾಯಿಯಲ್ಲಿ ಅದ್ದಿ ಬರೆದಳು. ಬರೆಯುತ್ತಲೇ ನನ್ನನ್ನು ಕೇಳಿದಳು, ‘ನಿಮ್ಮ ಅತ್ತಿ ಮನಿ ನಂಬರ ಎಷ್ಟು?’

ಹೇಳಿದೆ.

ಅದೇ ಗುಮಾಸ್ತರು ಫಾರ್ಮನ್ನು ತಗೊಂಡು ಕನ್ನಡಕ ಏರಿಸಿ ಓದಿದರು. ಯಮುನಾ ಯಲಗೂರಪ್ಪ ಶಿಂಪಿ. ಅದರ ಮುಂದೆ ಸಂಬಂಧ ಎಂದಿದ್ದಲ್ಲಿ ಮರಾಠಿಯಲ್ಲಿ ಮೈತ್ರೀಣ, ಗೆಳತಿ, ಎಂದು ಬರೆದಿದ್ದಳು. ಇದು ಸಂಬಂಧ ಆಗುವುದಿಲ್ಲ, ಬಳಗದವರ ಹೆಸರು ಬೇಕಿತ್ತು ಎಂದರು.

‘ಆಕಿ ಬರ್ತಾಳ್ರಿ,’ ಎಂದಳು ಮಂಗಲ. ‘ಹಂಗಽ ಇರ್ಲಿ.’

ಗುಮಾಸ್ತರು ನನ್ನನ್ನು ನೋಡಿದರು, ಅವಳನ್ನು ನೋಡಿದರು, ಸಿಕ್ಕಾ ಹಾಕಿದರು. ನಾನು ಮನೆಯ ನಂಬರನ್ನು ಇನ್ನೊಮ್ಮೆ ನಿಧಾನವಾಗಿ ಹೇಳಿ, ಸರಿಯಾಗಿ ಬಿದ್ದಿದೆಯೇ ಎಂದು ಬಗ್ಗಿ ನೋಡಿದೆ.